ನಲವತ್ಮೂರು ಅರ್ಜಿ, ಒಂದೇ ಕೈ

ಕಲ್ಲಯ್ಯ ಚಿಕ್ಕಮಠ ಧಾರವಾಡದ ತಹಶೀಲ್ದಾರ ಕಚೇರಿಯ ಎದುರು ಮೂವತ್ತೆಂಟು ವರ್ಷ ಕೂತು ಊರವರ ಅರ್ಜಿ ಬರೆದವರು. ಮಡಚುವ ಟೇಬಲ್ಲು, ಎರಡು ಸ್ಟೂಲು, ತಲೆಯ ಮೇಲೊಂದು ದೊಡ್ಡ ಕೊಡೆ, ಇಷ್ಟೇ ಅವರ ಆಫೀಸು. ಪಹಣಿಯಲ್ಲಿ ಹೆಸರು ತಪ್ಪಿದವರು, ವಿಧವಾ ವೇತನ ನಿಂತವರು, ಪಕ್ಕದ ಹೊಲದವನು ಬದು ಸರಿಸಿದನೆಂದು ಕೂಗಾಡುವವರು, ಎಲ್ಲರೂ ಆ ಸ್ಟೂಲಿನ ಮೇಲೆ ಕೂತು ಮೊದಲಿನಿಂದ ಕಥೆ ತೆಗೆಯುತ್ತಿದ್ದರು. ಕಲ್ಲಯ್ಯನವರು ಅರ್ಧ ಕೇಳುತ್ತಿದ್ದರು. ಉಳಿದರ್ಧ ಕೇಳಬೇಕಾದ್ದಿಲ್ಲ, ಎಲ್ಲರದ್ದೂ ಒಂದೇ ಎಂಬುದು ಅವರ ಅನುಭವ. ಪೆನ್ನಿನ ಟೋಪಿ ತೆಗೆದರೆಂದರೆ ಇಪ್ಪತ್ತು ನಿಮಿಷದಲ್ಲಿ ಅರ್ಜಿ ಸಿದ್ಧವಾಗುತ್ತಿತ್ತು.

ಅವರಿಗೆ ಪಕ್ಷ ಅಂತ ಒಂದಿರಲಿಲ್ಲ. ಒಂದು ಸಲ ಗರಗದ ಅಣ್ಣತಮ್ಮಂದಿರು ಒಂದೇ ಬಾವಿಯ ಸಲುವಾಗಿ ಬಂದಾಗ, ಬೆಳಿಗ್ಗೆ ಅಣ್ಣನದನ್ನೂ ಮಧ್ಯಾಹ್ನ ತಮ್ಮನದನ್ನೂ ಬರೆದು, ಎರಡಕ್ಕೂ ಒಂದೇ ಮುತುವರ್ಜಿ ತೋರಿಸಿದ್ದರು. ಬಾವಿ ಯಾರ ಪಾಲಾಯಿತೋ ಅವರು ಕೇಳಲಿಲ್ಲ. ತಮ್ಮ ಕೈಯಿಂದ ಹೋದ ಒಂದೇ ಒಂದು ಅರ್ಜಿಯೂ ‘ನಮೂನೆ ಸರಿಯಿಲ್ಲ’ ಅಂತ ವಾಪಸು ಬಂದಿಲ್ಲ ಎಂಬುದು ಮಾತ್ರ ಅವರ ದೊಡ್ಡ ಹೆಮ್ಮೆ. ಇದನ್ನು ಊಟಕ್ಕೆ ಕೂತಾಗಲೆಲ್ಲ ಹೇಳುತ್ತಿದ್ದರು. ಹೆಂಡತಿ ರುದ್ರವ್ವ ಸಾರು ಬಡಿಸುತ್ತ ಕೇಳುತ್ತಿದ್ದರು, ಅಥವಾ ಕೇಳಿದ ಹಾಗೆ ಇರುತ್ತಿದ್ದರು.

ಮಗಳು ಪಲ್ಲವಿ ಸಿಡ್ನಿಯಲ್ಲಿ ನೆಲೆಯೂರಿದ ಮೇಲೆ ಧಾರವಾಡದ ಮನೆ ಮಾರಿ ಗಂಡಹೆಂಡತಿ ಇಬ್ಬರೂ ಮಗಳಿದ್ದ ಎಪ್ಪಿಂಗ್ ಬಡಾವಣೆಯ ಅಪಾರ್ಟ್‌ಮೆಂಟಿಗೆ ಬಂದರು. ಎರಡು ಬೆಡ್‌ರೂಮು, ಆರನೇ ಮಹಡಿ. ಮೂರು ವರ್ಷ ಅಲ್ಲಿ ಕಳೆಯಿತು. ಮಗಳು ಅಳಿಯ ಸ್ವಂತ ಮನೆ ಹುಡುಕಿ ಸಿಡ್ನಿಯ ಅಂಚಿನ ಮಾರ್ಸ್ಡನ್ ಪಾರ್ಕ್‌ವರೆಗೂ ಹೋಗಿ ಬಂದರು. ಯಾವುದೂ ಕೈಗೆಟುಕಲಿಲ್ಲ. ಅಷ್ಟರಲ್ಲಿ ಅಳಿಯನಿಗೆ ಮೆಲ್ಬರ್ನ್‌ನಲ್ಲಿ ಕೆಲಸ ಸಿಕ್ಕಿತು, ಆ ಊರಿನ ಹೊರವಲಯದ ಕ್ರೇಗಿಬರ್ನ್‌ನಲ್ಲಿ ನಾಲ್ಕು ಬೆಡ್‌ರೂಮಿನ ಮನೆ ಸಿಕ್ಕಿತು, ಲಾರಿ ಬಂದು ಸಾಮಾನು ಹೇರಿಕೊಂಡು ಹೋಯಿತು. ಕಲ್ಲಯ್ಯನವರಿಗೆ ಊರು ಬದಲಾದದ್ದೇನೂ ದೊಡ್ಡದಾಗಿ ಕಾಣಲಿಲ್ಲ. ಅರ್ಜಿ ಇಲ್ಲದ ಊರು ಯಾವುದಾದರೇನು ಅಂತ ಅವರ ಲೆಕ್ಕ.

ಆ ಲೆಕ್ಕ ತಪ್ಪಿತ್ತು. ಮನೆಯಿಂದ ಎರಡು ಬೀದಿ ಆಚೆ ಒಂದು ಹಳೆಯ ಪ್ರೈಮರಿ ಶಾಲೆ ಇತ್ತು. ಮಕ್ಕಳು ಕಡಿಮೆಯಾಗಿ ಅದನ್ನು ಇನ್ನೊಂದು ಶಾಲೆಗೆ ಸೇರಿಸಿ ಐದು ವರ್ಷವಾಗಿತ್ತು. ಸುತ್ತ ತಂತಿಬೇಲಿ, ಒಳಗೆ ಮೊಣಕಾಲುದ್ದ ಹುಲ್ಲು, ಕಿಟಕಿಗೆಲ್ಲ ಹಲಗೆ. ಕಳೆದ ಬೇಸಿಗೆಯಲ್ಲಿ ಕೌನ್ಸಿಲ್‌ನಿಂದ ಮನೆಮನೆಗೆ ಪತ್ರ ಬಂತು: ಈ ಜಾಗದಲ್ಲಿ ಫುಟ್‌ಬಾಲ್ ಮೈದಾನಗಳನ್ನೂ ಕ್ಲಬ್‌ಮನೆಯನ್ನೂ ಮಾಡಬಹುದು, ಇಲ್ಲವೇ ಕಡಿಮೆ ಬಾಡಿಗೆಯ ಸಣ್ಣ ಮನೆಗಳನ್ನು ಕಟ್ಟಬಹುದು, ನಿಮ್ಮ ಅಭಿಪ್ರಾಯ ತಿಳಿಸಿ. ಫುಟ್‌ಬಾಲ್ ಅಂದರೆ ದುಂಡು ಚೆಂಡಿನದು, ಇಲ್ಲಿಯವರು ಸಾಕರ್ ಅನ್ನುವುದು. ಎಲ್ಲರ ಮಾತು ಬಂದ ಮೇಲೆ ಕೌನ್ಸಿಲರುಗಳು ಕೂತು ಎರಡರಲ್ಲೊಂದನ್ನು ಆರಿಸುತ್ತಾರೆ.

ಪತ್ರ ಓದಿದ ದಿನ ಕಲ್ಲಯ್ಯನವರ ನಡಿಗೆಯೇ ಬೇರೆಯಾಯಿತು. ಸರ್ಕಾರ ತಾನಾಗಿ ಮನೆಬಾಗಿಲಿಗೆ ಬಂದು ‘ಅರ್ಜಿ ಕೊಡ್ರಿ’ ಅನ್ನುವುದನ್ನು ಅವರು ಹುಟ್ಟಿದ ಮೇಲೆ ಕಂಡಿರಲಿಲ್ಲ. ಮೊದಲು ಸಿಕ್ಕವರು ಪಕ್ಕದ ಮನೆಯ ಸಾಲ್ವತೋರೆ, ಎಂಬತ್ತು ದಾಟಿದ ಇಟಲಿಯ ಮುದುಕ. ಕಂಪ್ಯೂಟರಿನ ಫಾರ್ಮು ತುಂಬಲು ಬರದೆ ಬೇಲಿಯ ಬಳಿ ಬೈದುಕೊಳ್ಳುತ್ತ ನಿಂತಿದ್ದರು. ಕಲ್ಲಯ್ಯನವರು ಅವರನ್ನು ಗ್ಯಾರೇಜಿಗೆ ಕರೆದು ಕೂರಿಸಿ, ಬಿಳಿ ಹಾಳೆಯ ಎಡಕ್ಕೆ ನಾಲ್ಕು ಬೆರಳು ಮಾರ್ಜಿನ್ನು ಮಡಚಿ, ತಮ್ಮ ಕಚೇರಿ ಇಂಗ್ಲಿಷಿನಲ್ಲಿ ಒಂದೂವರೆ ಪುಟ ಬರೆದುಕೊಟ್ಟರು. ‘ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ ಈ ಕೆಳಗೆ ಸಹಿ ಮಾಡಿದ ನಾನು’ ಅಂತ ಶುರುವಾಗಿ, ‘ತಮ್ಮ ಈ ಉಪಕಾರಕ್ಕೆ ಸದಾ ಚಿರಋಣಿ’ ಅಂತ ಮುಗಿಯುವುದು. ಸಾಲ್ವತೋರೆ ಅದನ್ನು ಮದುವೆಯ ಪತ್ರಿಕೆಯ ಹಾಗೆ ಎರಡೂ ಕೈಯಲ್ಲಿ ಹಿಡಿದುಕೊಂಡು ಹೋದರು.

ಸುದ್ದಿ ಬೀದಿಯಲ್ಲಿ ಹರಡಲು ಹೊತ್ತು ಹಿಡಿಯಲಿಲ್ಲ. ಶನಿವಾರ ಶನಿವಾರ ಗ್ಯಾರೇಜಿನ ಬಾಗಿಲು ಮೇಲೆ ಹೋಗುತ್ತಿತ್ತು, ಕಲ್ಲಯ್ಯನವರು ಇಸ್ತ್ರಿ ಅಂಗಿ ಹಾಕಿಕೊಂಡು ಕೂರುತ್ತಿದ್ದರು. ಫುಟ್‌ಬಾಲ್ ಬೇಕೆಂದವರಿಗೆ ಫುಟ್‌ಬಾಲ್, ಮನೆ ಬೇಕೆಂದವರಿಗೆ ಮನೆ. ಇರಾಕಿನವರು, ಟರ್ಕಿಯವರು, ಪಂಜಾಬಿಗಳು, ನಮ್ಮವರು, ಎಲ್ಲರೂ ಬಂದರು. ಮನೆಯವರೆಲ್ಲ ಬರಬೇಕೆಂದೇನೂ ಇರಲಿಲ್ಲ. ಯಜಮಾನ ಬಂದು, ಹೆಂಡತಿಯದು ಅಪ್ಪನದು ಅತ್ತೆಯದು ಅಂತ ಹೆಸರು ಹೇಳಿ, ಎಲ್ಲರ ಸಹಿ ತಾನೇ ಹಾಕಿ ಹೋಗುತ್ತಿದ್ದ. ಧಾರವಾಡದಲ್ಲೂ ಹೀಗೆಯೇ ನಡೆದು ಬಂದಿದ್ದರಿಂದ ಅದರಲ್ಲಿ ತಪ್ಪೇನಿದೆ ಅಂತ ಅವರಿಗೆ ಅನಿಸಲಿಲ್ಲ.

ಕೊನೆಗೆ ರುದ್ರವ್ವನ ಹೆಸರಿನಲ್ಲೂ ಒಂದು ಬರೆದರು. ಮಂಡಿನೋವಿಗೆ ಡಾಕ್ಟರು ನಡೆದಾಡಲು ಹೇಳಿದ್ದರು, ಮೈದಾನವಾದರೆ ಸುತ್ತ ಕಾಲುದಾರಿ ಬರುತ್ತದೆ, ಆದ್ದರಿಂದ ರುದ್ರವ್ವನಿಗೆ ಫುಟ್‌ಬಾಲ್ ಬೇಕು. ಹೆಂಡತಿಯ ಸಹಿಯನ್ನೂ ತಾವೇ ಹಾಕಿದರು. ಆಕೆ ಆಗ ಒಳಗೆ ಬಟ್ಟೆ ಮಡಚುತ್ತಿದ್ದರು. ಕಲ್ಲಯ್ಯನವರು ತಮ್ಮ ಹೆಸರಿನಲ್ಲಿ ಮಾತ್ರ ಬರೆದುಕೊಳ್ಳಲಿಲ್ಲ. ಬರೆಯುವವನಿಗೆ ಪಕ್ಷ ಇರಬಾರದು.

ಒಟ್ಟು ನಲವತ್ಮೂರು. ಫುಟ್‌ಬಾಲ್ ಕಡೆಗೆ ಇಪ್ಪತ್ಮೂರು, ಮನೆಗಳ ಕಡೆಗೆ ಇಪ್ಪತ್ತು. ಕಟ್ಟು ಕಟ್ಟಿಕೊಂಡು ಬಸ್ಸಿನಲ್ಲಿ ಕೌನ್ಸಿಲ್ ಆಫೀಸಿಗೆ ಹೋಗಿ, ಕೌಂಟರಿನಲ್ಲಿದ್ದ ಡೆನೀಸ್ ಎಂಬ ಹೆಂಗಸಿನ ಮುಂದಿಟ್ಟು, ಸ್ವೀಕೃತಿಯ ಮೊಹರು ಕೇಳಿದರು. ಅಂಥ ಮೊಹರು ತಮ್ಮಲ್ಲಿಲ್ಲ ಅಂತ ಆಕೆ ಅಂದರು. ಇಲ್ಲದಿದ್ದರೆ ಪೆನ್ನಿನಲ್ಲಾದರೂ ಬರೆಯಿರಿ, ತಾರೀಖು ಹಾಕಿ ಅಂತ ಇವರು ನಿಂತೇ ಇದ್ದರು. ಆಕೆ ಬರೆದುಕೊಟ್ಟರು.

ಅಭಿಪ್ರಾಯ ಕೊಡಲು ಕೊನೆಯ ದಿನಕ್ಕೆ ಒಂದು ವಾರ ಇದೆ ಅನ್ನುವಾಗ ಪಲ್ಲವಿಗೆ ಕೌನ್ಸಿಲ್‌ನಿಂದ ಈಮೇಲ್ ಬಂತು. ಎಲ್ಲ ಅರ್ಜಿಗಳ ಕೆಳಗೂ ಕಲ್ಲಯ್ಯನವರು ‘ಬರೆದವರು’ ಅಂತ ಹಾಕಿ ಆಕೆಯ ಈಮೇಲೇ ಕೊಟ್ಟಿದ್ದರು. ಆಕೆ ಆಫೀಸಿನಿಂದ ಬಂದವಳೇ ಫೋನು ಹಿಡಿದುಕೊಂಡು ಗ್ಯಾರೇಜಿಗೆ ಬಂದಳು.

“ಅಪ್ಪಾ, ಏನ್ ಮಾಡಿಟ್ಟೀರಿ? ನಲವತ್ಮೂರು ಲೆಟರ್, ಎಲ್ಲಾ ಒಂದೇ ಹ್ಯಾಂಡ್‌ರೈಟಿಂಗ್. ಸಿಗ್ನೇಚರ್ಸ್ ಸೈತ ಒಬ್ಬರೇ ಹಾಕ್ಯಾರ ಅಂತ ಬರದಾರ.”

“ಒಬ್ಬ ಬರದ್ರ ಒಂದೇ ಕೈ ಇರತೈತಿ. ಎರಡು ಎಲ್ಲಿಂದ ತರ್ಲಿ?”

“ಅಪ್ಪಾ, ಜೋಕ್ ಅಲ್ಲ ಇದು. ಇವನ್ನೆಲ್ಲಾ ಸೇರಿಸಿ ಒಂದೇ ಸಬ್ಮಿಷನ್ ಅಂತ ಕೌಂಟ್ ಮಾಡ್ತಾರಂತ. ಒಂದೇ. ಮುಂದಿನ ಶುಕ್ರವಾರ ಐದು ಗಂಟೆದೊಳಗ ಒಬ್ಬೊಬ್ಬರೂ ತಮ್ಮ ಕೈಲೆ ಬರದು ಕೊಟ್ರ ಬೇರೆ ಬೇರೆ ಹಿಡೀತಾರ. ಯಾವ ಲ್ಯಾಂಗ್ವೇಜ್ ಆದ್ರೂ ನಡೀತೈತಿ. ನನ್ನ ಸಿಟಿಜನ್‌ಶಿಪ್ ಅಪ್ಲಿಕೇಶನ್ ಪೆಂಡಿಂಗ್ ಐತಿ, ನನ್ನ ಈಮೇಲ್‌ಗೆ ಇಂಥಾದ್ದು ಬಂದೈತಿ. ನಾ ಏನ್ ಹೇಳ್ಲಿ?”

“ವಾಪಸು ಬಂತು ಅನ್ನು,” ಅಂದರು ಕಲ್ಲಯ್ಯನವರು.

ಅವರ ಕಿವಿಗೆ ಬಿದ್ದದ್ದು ಅದೊಂದೇ. ಮೂವತ್ತೆಂಟು ವರ್ಷದಲ್ಲಿ ಆಗದ್ದು ಇಲ್ಲಿ ಆಯಿತು. ಅವರಿಗೆ ನಾಚಿಕೆಯಾಯಿತು, ಆಮೇಲೆ ಸಿಟ್ಟು ಬಂತು, ಆಮೇಲೆ ಸಾಲ್ವತೋರೆಯವರ ಎರಡು ಕೈ ನೆನಪಾಗಿ ನಿಜವಾದ ಸಂಕಟವಾಯಿತು. ನಂಬಿ ಹೆಸರು ಕೊಟ್ಟಿದ್ದ ನಲವತ್ತು ಜನರ ಮಾತು ಇವರ ಕೈಯಿಂದಾಗಿ ಲೆಕ್ಕಕ್ಕೇ ಬರದೆ ಹೋಗುತ್ತದೆ. ಒಂದೇ ಅರ್ಜಿ ಅಂತ ಹಿಡಿದರೆ ಅದು ಯಾವುದರ ಕಡೆಗೆ? ಇಪ್ಪತ್ಮೂರರ ಕಡೆಗೋ, ಇಪ್ಪತ್ತರ ಕಡೆಗೋ? ರುದ್ರವ್ವ ಒಳಗಿನಿಂದ ಎಲ್ಲ ಕೇಳಿಸಿಕೊಂಡರು. ನಲವತ್ಮೂರರಲ್ಲಿ ತನ್ನದೂ ಒಂದು ಎಂಬುದು ಆಕೆಗೆ ಗೊತ್ತಾದದ್ದು ಆಗಲೇ.

ಮರುದಿನ ಬೆಳಿಗ್ಗೆಯಿಂದ ಕಲ್ಲಯ್ಯನವರು ಕಾಲಿಗೆ ಚಕ್ರ ಕಟ್ಟಿಕೊಂಡರು. ಕೈಯಲ್ಲಿ ಖಾಲಿ ಹಾಳೆಗಳು, ಜೇಬಿನಲ್ಲಿ ನಾಲ್ಕು ಪೆನ್ನು. ಹಳೆಯ ಅರ್ಜಿಯ ನಕಲನ್ನೂ ಜೊತೆಗೆ ಒಯ್ಯುತ್ತಿದ್ದರು, ನೋಡಿ ಬರೆದುಕೊಳ್ಳಲಿ ಅಂತ. ಆ ನಕಲು ಯಾರಿಗೂ ಬೇಕಾಗಲಿಲ್ಲ.

ಮೈಸೂರಿನ ಗೋಪೀನಾಥ ಮನೆಗಳ ಪಕ್ಷದವನು. ಅವನ ಹೆಸರಿನಲ್ಲಿ ಕಲ್ಲಯ್ಯನವರು ‘ಜನಸಾಮಾನ್ಯರ ವಸತಿ ಸಂಕಷ್ಟ’ದ ಬಗ್ಗೆ ಎರಡು ಪುಟ ಬರೆದಿದ್ದರು.

“ಅಂಕಲ್, ಕೈಯಲ್ಲಿ ಬರೆದು ಎಷ್ಟು ವರ್ಷ ಆಯ್ತು ಗೊತ್ತಾ? ನನ್ನ ಸೈನ್ ನನಗೇ ಸರಿಯಾಗಿ ಬರಲ್ಲ,” ಅನ್ನುತ್ತ ಅವನು ಫ್ರಿಜ್ಜಿನ ಮೇಲೆ ಹಾಳೆ ಒತ್ತಿ ಹಿಡಿದು ನಿಂತೇ ಬರೆದ. ಮನೆ ಕಟ್ಟಲಿ, ಆದರೆ ಎರಡು ಅಂತಸ್ತಿಗಿಂತ ಎತ್ತರ ಬೇಡ, ನನ್ನ ಸೋಲಾರ್ ಪ್ಯಾನಲ್‌ಗೆ ನೆರಳು ಬೀಳುತ್ತದೆ. ಇಷ್ಟೇ.

“ಇದನ್ನ ಆಗ ಯಾಕ ಹೇಳಲಿಲ್ಲಪಾ?”

“ಹೇಳಿದ್ನಲ್ಲ ಅಂಕಲ್. ನೀವು ಆಗ್ಲೇ ಬರೆಯೋಕೆ ಶುರು ಮಾಡ್ಬಿಟ್ಟಿದ್ರಿ.”

ಬೆಳಗಾವಿಯ ನೀಲಾಂಬಿಕಾ ಫುಟ್‌ಬಾಲ್ ಕಡೆಯವಳು. ಆಕೆಯ ಮಗಳು ಕ್ಲಬ್ಬಿನಲ್ಲಿ ಆಡುತ್ತಾಳೆ. ಕಲ್ಲಯ್ಯನವರು ‘ಹೆಣ್ಣುಮಕ್ಕಳ ಶಾರೀರಿಕ ಹಾಗೂ ನೈತಿಕ ಬೆಳವಣಿಗೆ’ ಅಂತ ಬರೆದಿದ್ದರು. ಆಕೆ ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡು ಬರೆದದ್ದು ಬೇರೆ: ನನ್ನ ಮಗಳು ಕಾರಿನ ಹಿಂದಿನ ಸೀಟಿನಲ್ಲಿ ಟವೆಲ್ಲು ಸುತ್ತಿಕೊಂಡು ಬಟ್ಟೆ ಬದಲಿಸುತ್ತಾಳೆ, ನಾನು ಹೊರಗೆ ಕಾವಲು ನಿಲ್ಲುತ್ತೇನೆ, ಹುಡುಗಿಯರಿಗೆ ಬಾಗಿಲಿರುವ ಒಂದು ರೂಮು ಬೇಕು.

“ಬಾಗಲಾ ಇಲ್ಲಂದ್ರ ಮೈದಾನ ತಗೊಂಡ್ ಏನ್ ಮಾಡೂದೈತ್ರಿ ಕಾಕಾರ,” ಅಂತ ಆಕೆ ಚಹಾ ತಂದಿಟ್ಟಳು.

ಸಾಲ್ವತೋರೆ ಅಡುಗೆಮನೆಯ ಮೇಜಿನ ಮುಂದೆ ಕೂತು ಬಹಳ ಹೊತ್ತು ತಗೊಂಡು, ನಡುಗುವ ಅಕ್ಷರದಲ್ಲಿ ಬರೆದರು. ಅವರ ಮೂವರು ಮಕ್ಕಳೂ ಆ ಶಾಲೆಯಲ್ಲೇ ಓದಿದವರು. ಬೆಳಿಗ್ಗೆ ಗಂಟೆ, ಮಧ್ಯಾಹ್ನ ಮಕ್ಕಳ ಕೂಗು, ಸಂಜೆ ಗೇಟಿನ ಮುಂದೆ ತಾಯಂದಿರ ಹರಟೆ, ಐದು ವರ್ಷದಿಂದ ಏನೂ ಇಲ್ಲ. ಅಲ್ಲಿ ಏನು ಬಂದರೂ ಅಡ್ಡಿಯಿಲ್ಲ, ಗದ್ದಲ ಇರಬೇಕು ಅಂತ ಅವರ ಬೇಡಿಕೆ. ಇದು ಫುಟ್‌ಬಾಲಿನ ಅರ್ಜಿಯೋ ಮನೆಯದೋ ಅಂತ ಕಲ್ಲಯ್ಯನವರಿಗೆ ತಿಳಿಯಲಿಲ್ಲ. ಯಾವ ಕಟ್ಟಿಗೆ ಸೇರಿಸಬೇಕೆಂದು ತೋಚದೆ ಬೇರೆಯಾಗಿ ಇಟ್ಟುಕೊಂಡರು.

ಹನ್ನೆರಡು ಜನ ಬರೆಯಲೇ ಇಲ್ಲ. ಕೆಲವರಿಗೆ ಹೊತ್ತಿಲ್ಲ, ಕೆಲವರಿಗೆ ಕೌನ್ಸಿಲ್ ತಮ್ಮನ್ನು ಅನುಮಾನಿಸಿತೆಂದು ಮುನಿಸು. ಗಂಡ ಸಹಿ ಹಾಕಿದ್ದ ಅರ್ಜಿ ನೋಡಿ ಒಬ್ಬ ಹೆಂಗಸು, ನನಗೆ ಇದು ಗೊತ್ತೇ ಇಲ್ಲವಲ್ಲ ಅಂತ ಬಾಗಿಲು ಹಾಕಿಕೊಂಡಳು. ಬರೆದವರಲ್ಲೂ ಇವರ ಒಕ್ಕಣೆಯನ್ನು ಒಬ್ಬರೂ ಉಳಿಸಿಕೊಳ್ಳಲಿಲ್ಲ. ಒಬ್ಬನಿಗೆ ಪಾರ್ಕಿಂಗ್ ಚಿಂತೆ, ಒಬ್ಬಾಕೆಗೆ ಬೀದಿದೀಪದ್ದು, ಒಬ್ಬ ಮುದುಕಿಗೆ ಶಾಲೆಯ ಮೂಲೆಯ ಅಂಜೂರದ ಮರ ಕಡಿಯಬಾರದೆಂಬ ಹಟ. ಎಲ್ಲರದ್ದೂ ಒಂದೇ ಅಂತ ಅವರು ನಂಬಿಕೊಂಡು ಬಂದಿದ್ದರಲ್ಲ, ಯಾರದ್ದೂ ಇನ್ನೊಬ್ಬರದ್ದರ ಹಾಗೆ ಇರಲಿಲ್ಲ. ಹಾಗಾದರೆ ಧಾರವಾಡದಲ್ಲಿ ಆ ಸ್ಟೂಲಿನ ಮೇಲೆ ಕೂತವರು ಏನು ಕೇಳಲು ಬಂದಿದ್ದರು, ನಾನು ಏನು ಬರೆದುಕೊಟ್ಟೆ? ಈ ಯೋಚನೆ ಬುಧವಾರ ಸಂಜೆ ಬಸ್‌ಸ್ಟಾಪಿನಲ್ಲಿ ಬಂತು. ಅವರಿಗೆ ಅದು ಹಿಡಿಸಲಿಲ್ಲ, ಆದರೆ ಬಸ್ಸು ಬರುವವರೆಗೂ ಹೋಗಲಿಲ್ಲ.

ಗುರುವಾರ ರಾತ್ರಿಯೂಟದ ಹೊತ್ತಿಗೆ ಮೂವತ್ತು ಹಾಳೆ ಕೈಸೇರಿದ್ದವು. ಉಳಿದದ್ದು ರುದ್ರವ್ವನದೊಂದೇ. ಮನೆಯಲ್ಲೇ ಇರುವವಳು, ಯಾವಾಗ ಬೇಕಾದರೂ ಆದೀತು ಅಂತ ಕೊನೆಗಿಟ್ಟಿದ್ದರು. ಶುಕ್ರವಾರ ಊಟವಾದ ಮೇಲೆ ಹಾಳೆ ಪೆನ್ನು ಮೇಜಿನ ಮೇಲಿಟ್ಟು ಕರೆದರು.

“ಏ, ಬಾ ಇಲ್ಲಿ. ನಾ ಹೇಳ್ತೀನಿ, ನೀ ಬರಿ. ಕನ್ನಡದಾಗ ಬರದ್ರೂ ನಡೀತೈತಿ. ವಿಷಯ ಅಂತ ಹಾಕು, ಎರಡು ಚುಕ್ಕಿ ಕೊಡು...”

ರುದ್ರವ್ವ ಕೈಯೊರೆಸಿಕೊಂಡು ಬಂದು ಕೂತರು. ಹಾಳೆಯನ್ನು ತಮ್ಮ ಕಡೆ ತಿರುಗಿಸಿಕೊಂಡರು.

“ನೀವು ಹೊರಗ ಹೋಗ್ರಿ.”

“ಯಾಕ?”

“ನಂದು ನಾ ಬರೀತೀನಿ.”

“ನಿನಗ ನಮೂನೆ ಗೊತ್ತಿಲ್ಲ.”

“ಇರ್ಲಿ. ಹೋಗ್ರಿ.”

ಕಲ್ಲಯ್ಯನವರು ಗ್ಯಾರೇಜಿನಲ್ಲಿ ಮುಕ್ಕಾಲು ತಾಸು ಕೂತರು. ಮೂವತ್ತು ಹಾಳೆಯನ್ನು ಮೂರು ಸಲ ಎಣಿಸಿದರು. ನಾಲ್ಕನೇ ತರಗತಿವರೆಗೆ ಓದಿದ ಹೆಂಗಸು ಮುಕ್ಕಾಲು ತಾಸು ಏನು ಬರೆಯುತ್ತಾಳೆ ಅಂತ ಎರಡು ಸಲ ಬಾಗಿಲವರೆಗೆ ಹೋಗಿ ಬಂದರು. ರುದ್ರವ್ವ ಹೊರಬಂದಾಗ ಲಕೋಟೆ ಮುಚ್ಚಿ ಅನ್ನದ ಅಗುಳಿನಿಂದ ಅಂಟಿಸಿಯೂ ಆಗಿತ್ತು. ಇಳಕಲ್ ಸೀರೆ ಉಟ್ಟಿದ್ದರು.

“ಎಲ್ಲಿಗೆ?”

“ನಾನೂ ಬರ್ತೀನಿ. ನಾನ ಕೊಡ್ತೀನಿ.”

ಬಸ್ಸಿನಲ್ಲಿ ಲಕೋಟೆ ಆಕೆಯ ಮಡಿಲಲ್ಲೇ ಇತ್ತು. ಕಲ್ಲಯ್ಯನವರು ಕಿಟಕಿ ನೋಡುತ್ತ ಕೂತರು. ಕಾಲುದಾರಿಯ ಬಗ್ಗೆ ಬರೆದಿರುತ್ತಾಳೆ, ಕಾಗುಣಿತ ತಪ್ಪಿರುತ್ತದೆ, ಅದಕ್ಕೆ ತೋರಿಸಲು ನಾಚಿಕೆ ಅಂತ ತಮ್ಮಷ್ಟಕ್ಕೆ ತೀರ್ಮಾನ ಮಾಡಿಕೊಂಡರು.

ಕೌನ್ಸಿಲ್ ಆಫೀಸು ಮುಟ್ಟಿದಾಗ ನಾಲ್ಕೂ ಇಪ್ಪತ್ತು. ಕೌಂಟರಿನಲ್ಲಿ ಅದೇ ಡೆನೀಸ್. ಆಕೆ ಮೂವತ್ತು ಹಾಳೆಗಳನ್ನು ಒಂದೊಂದಾಗಿ ತಿರುವಿ, ಹೆಸರು ವಿಳಾಸ ಹಳೆಯದರ ಜೊತೆ ತಾಳೆ ನೋಡಿ, ಎಲ್ಲವನ್ನೂ ಬೇರೆ ಬೇರೆ ಅರ್ಜಿ ಅಂತಲೇ ಹಿಡಿಯುತ್ತೇವೆ ಅಂದರು. ಕಲ್ಲಯ್ಯನವರ ಎದೆಯ ಮೇಲಿನ ಕಲ್ಲು ಇಳಿಯಿತು. ಆಮೇಲೆ ರುದ್ರವ್ವ ಲಕೋಟೆ ಮುಂದೆ ಚಾಚಿದರು. ಡೆನೀಸ್ ಬಿಚ್ಚಿ ನೋಡಿದರು, ಅಕ್ಷರದ ಸುರುಳಿಗಳನ್ನು ಮೆಚ್ಚಿ ನೋಡಿದರು, ತಲೆಯಾಡಿಸಿದರು. ಕನ್ನಡದ ಅನುವಾದಕರು ಇವತ್ತು ಸಿಗುವುದಿಲ್ಲ, ಕಳಿಸಿದರೆ ಎರಡು ವಾರವಾಗುತ್ತದೆ, ಆದರೂ ಇವತ್ತೇ ಬಂದದ್ದೆಂದು ಲೆಕ್ಕ ಹಿಡಿಯುತ್ತೇವೆ. ಬೇಕಿದ್ದರೆ ನಿಮ್ಮವರು ಈಗ ಓದಿ ಹೇಳಲಿ, ನಾನು ಬರೆದುಕೊಳ್ಳುತ್ತೇನೆ, ಅದಕ್ಕೆ ಇವರ ಒಪ್ಪಿಗೆ ಬೇಕು ಅಂದರು.

ಕಲ್ಲಯ್ಯನವರು ಇದನ್ನು ಕನ್ನಡದಲ್ಲಿ ಹೇಳಿದರು. ರುದ್ರವ್ವ ಗಂಡನ ಮುಖ ನೋಡಿದರು.

“ಓದ್ರಿ,” ಅಂದರು. “ಇದ್ದದ್ದು ಇದ್ದಾಂಗ ಓದ್ರಿ.”

ಕಲ್ಲಯ್ಯನವರು ಕನ್ನಡಕ ಹಾಕಿಕೊಂಡರು. ಮಾರ್ಜಿನ್ನಿಲ್ಲ, ವಿಷಯ ಇಲ್ಲ. ಹಾಳೆಯ ಮೇಲಿನ ತುದಿಯಿಂದಲೇ ಶುರುವಾಗಿತ್ತು.

‘ಕೌನ್ಸಿಲ್‌ನವರಿಗೆ ರುದ್ರವ್ವ ಮಾಡುವ ನಮಸ್ಕಾರ. ಧಾರವಾಡದ ಮನಿ ಮಾರೂಮುಂದ ನನ್ನ ಯಾರೂ ಕೇಳಲಿಲ್ಲ. ಎಪ್ಪಿಂಗ್ ಬಿಡೂಮುಂದನೂ ಕೇಳಲಿಲ್ಲ. ಅಲ್ಲಿ ನನಗ ಒಬ್ಬಾಕಿ ಗೆಳತಿ ಇದ್ಲು, ಚೀನಾದಾಕಿ. ಆಕಿ ಮಾತು ನನಗ ತಿಳೀತಿರಲಿಲ್ಲ, ನನ್ನ ಮಾತು ಆಕಿಗೆ ತಿಳೀತಿರಲಿಲ್ಲ, ಆದ್ರೂ ದಿನಾ ಕೂಡಿ ಕೂಡ್ತಿದ್ವಿ, ಕುಂಡದಾಗ ಮೆಂತೇ ಪಲ್ಲೆ ಹಾಕಿದ್ವಿ. ಹೋಗ್ತೀನಿ ಅಂತ ಆಕಿಗೆ ಹೇಳಾಕೂ ಆಗಲಿಲ್ಲ. ಈಗ ಈ ಸಾಲಿ ಜಾಗಾದಾಗ ಏನ ಆಗಬೇಕು ಅಂತ ನೀವು ಕೇಳೀರಿ. ಯಾವ ಊರಾಗೂ ನನ್ನ ಯಾರೂ ಹಿಂಗ ಕೇಳಿರಲಿಲ್ಲ. ಭಾಳ ಉಪಕಾರ ಆತು. ನನಗ ಮೈದಾನ ಬ್ಯಾಡ. ಸಣ್ಣ ಮನಿ ಕಟ್ಟಿಸ್ರಿ. ಅದರಾಗ ಒಂದು ನನಗ ಬಾಡಗಿಗೆ ಕೊಡ್ರಿ. ಒಂದು ಖೋಲಿ, ಒಂದು ಅಡಗಿಮನಿ ಇದ್ರ ಸಾಕು. ಮಗಳು ಛಲೋ ನೋಡ್ಕೋತಾಳ, ಆಕಿ ಮ್ಯಾಲ ನನ್ನ ದೂರಿಲ್ಲ. ಆದ್ರ ಉಪ್ಪಿನ ಡಬ್ಬಿ ಎಲ್ಲಿಡಬೇಕು ಅಂತ ಕೇಳಿ ಇಡೂದು ಸಾಕಾಗೈತಿ. ಮೊದಲು ಬಂದ ಕಾಗದ ನಂದಲ್ಲ. ಅದನ್ನ ನಾ ಬರದಿಲ್ಲ, ಸಹಿನೂ ನಾ ಹಾಕಿಲ್ಲ.’

ಒಂದು ಸಲ ಮನಸ್ಸಿನಲ್ಲೇ ಓದಿದರು. ಡೆನೀಸ್ ಪೆನ್ನು ಹಿಡಿದು ಕಾಯುತ್ತಿದ್ದರು. ಇದನ್ನು ಇಂಗ್ಲಿಷಿನಲ್ಲಿ ಏನು ಬೇಕಾದರೂ ಮಾಡಬಹುದಿತ್ತು. ‘ಹಿರಿಯ ನಾಗರಿಕರ ವಸತಿಯ ಅಗತ್ಯವನ್ನು ಪರಿಗಣಿಸಿ’ ಅಂತ ಒಂದು ವಾಕ್ಯದಲ್ಲಿ ಮುಗಿಸಿದ್ದರೆ ಆ ಹೆಂಗಸಿಗೂ ಗೊತ್ತಾಗುತ್ತಿರಲಿಲ್ಲ, ಈ ಹೆಂಗಸಿಗೂ ಗೊತ್ತಾಗುತ್ತಿರಲಿಲ್ಲ. ಅಂಥ ವಾಕ್ಯ ಅವರ ನಾಲಿಗೆಯ ತುದಿಯಲ್ಲಿ ಸದಾ ಸಿದ್ಧವಿರುತ್ತಿತ್ತು, ಈಗಲೂ ಇತ್ತು. ರುದ್ರವ್ವ ಅವರ ತುಟಿಯನ್ನೇ ನೋಡುತ್ತಿದ್ದರು.

ಕಲ್ಲಯ್ಯನವರು ಒಂದೊಂದೇ ಸಾಲು ಓದಿ, ಒಂದೊಂದೇ ಸಾಲು ಇಂಗ್ಲಿಷಿನಲ್ಲಿ ಹೇಳಿದರು. ಮನೆ ಮಾರುವಾಗ ಕೇಳಲಿಲ್ಲ ಎಂಬುದನ್ನು ಹೇಳಿದರು. ಚೀನಾದಾಕೆಯನ್ನು ಹೇಳಿದರು. ಎಪ್ಪಿಂಗ್‌ನಲ್ಲಿ ಮೂರು ವರ್ಷ ಒಂದೇ ಮನೆಯಲ್ಲಿದ್ದೂ ಆ ಚೀನಾದಾಕೆ ಯಾರೆಂದು ಅವರಿಗೆ ಗೊತ್ತಿರಲಿಲ್ಲ. ಮೆಂತ್ಯದ ಪಲ್ಲೆ ಮಾತ್ರ ಊಟದಲ್ಲಿ ಬರುತ್ತಿತ್ತು, ಅಂಗಡಿಯದೆಂದು ತಿಂದಿದ್ದರು. ಉಪ್ಪಿನ ಡಬ್ಬಿಯ ಸಾಲನ್ನು ಎರಡು ಸಲ ಓದಿ, ಆಮೇಲೆ ಹೇಳಿದರು. ಕೊನೆಯ ಸಾಲನ್ನೂ ಬಿಡಲಿಲ್ಲ: ಮೊದಲು ಬಂದ ಕಾಗದ ಆಕೆಯದಲ್ಲ, ಸಹಿಯೂ ಆಕೆಯದಲ್ಲ. ಹಾಗಿದ್ದರೆ ಯಾರದು ಅಂತ ಡೆನೀಸ್ ಕೇಳಿದರು. ನನ್ನದು ಅಂದರು ಕಲ್ಲಯ್ಯನವರು. ಕೆನ್ನೆಗೆ ಹೊಡೆದಂತಾಗಿತ್ತು, ಆದರೆ ಹೊಡೆದವರ ಮೇಲೆ ಸಿಟ್ಟು ಬರಲಿಲ್ಲ.

ಡೆನೀಸ್ ಎಲ್ಲವನ್ನೂ ಬರೆದುಕೊಂಡು, ಹಳೆಯ ಕಾಗದ ತೆಗೆದು ಅದರ ಮೇಲೆ ಉದ್ದಕ್ಕೆ ಒಂದು ಗೆರೆ ಎಳೆದರು. ಫುಟ್‌ಬಾಲ್ ಕಡೆಯಿಂದ ಒಂದು ಹೋಗಿ ಮನೆಗಳ ಕಡೆಗೆ ಒಂದು ಬಂತು. ಆಮೇಲೆ ಪೆನ್ನಿನ ತುದಿಯನ್ನು ಫಾರ್ಮಿನ ಮೇಲೆ ನಿಲ್ಲಿಸಿ ಇನ್ನೊಂದು ಮಾತು ಕೇಳಿದರು. ಎಂಥೆಂಥ ಮನೆಗಳು ಬೇಕಾಗಬಹುದು ಅಂತಲೂ ನಾವು ಬರೆದಿಡುತ್ತಿದ್ದೇವೆ. ಇವರು ಕೇಳಿದ ಮನೆ ಒಬ್ಬರಿಗೋ, ದಂಪತಿಗೋ?

ಕಲ್ಲಯ್ಯನವರು ಹೆಂಡತಿಯ ಕಡೆ ತಿರುಗಿದರು. ಇದಕ್ಕೆ ಉತ್ತರ ತಾವೇ ಹೇಳಿಬಿಡಬಹುದಿತ್ತು, ಒಂದು ವಾರದ ಹಿಂದಾಗಿದ್ದರೆ ಹೇಳಿಬಿಡುತ್ತಲೂ ಇದ್ದರು.

“ಮನಿ ಒಬ್ಬಾಕಿಗೋ, ಇಬ್ಬರಿಗೋ ಅಂತ ಕೇಳಾಕತ್ತಾರ.”

ಪಕ್ಕದ ಕೌಂಟರಿನವನು ಕಂಪ್ಯೂಟರು ಮುಚ್ಚಿ ಎದ್ದು ಹೋದ. ರುದ್ರವ್ವ ಉತ್ತರವನ್ನು ಗಂಡನಿಗೆ ಕೊಡಲಿಲ್ಲ, ನೇರವಾಗಿ ಡೆನೀಸ್‌ಗೆ ಕೊಟ್ಟರು, ಕನ್ನಡದಲ್ಲೇ.

“ಅವರದು ಅವರು ಬರಕೊಳ್ಳಲಿ.”

ಡೆನೀಸ್ ಕಲ್ಲಯ್ಯನವರ ಕಡೆ ನೋಡಿದರು. ಇದನ್ನೂ ಇವರೇ ಇಂಗ್ಲಿಷಿಗೆ ತರಬೇಕಾಯಿತು. ತಂದರು. ಡೆನೀಸ್ ನಗಲಿಲ್ಲ, ನಗಬಾರದೆಂದು ಬಾಯಿ ಬಿಗಿಹಿಡಿದಿದ್ದು ಕಾಣುತ್ತಿತ್ತು. ಗೋಡೆಯ ಗಡಿಯಾರ ನೋಡಿ, ಕೆಳಗಿನ ಖಾನೆಯಿಂದ ಒಂದು ಖಾಲಿ ಫಾರ್ಮು ತೆಗೆ​ದು ಅವರ ಮುಂದೆ ಸರಿಸಿದರು. ಐದಕ್ಕೆ ಇನ್ನೂ ಹನ್ನೊಂದು ನಿಮಿಷ ಇತ್ತು.

ಹೆಸರು ಬರೆದರು, ವಿಳಾಸ ಬರೆದರು. ಅದರ ಕೆಳಗೊಂದು ದೊಡ್ಡ ಚೌಕ, ಈ ಜಾಗದಲ್ಲಿ ನಿಮಗೆ ಏನು ಬೇಕು ಅಂತ. ಪೆನ್ನು ಅಲ್ಲಿ ನಿಂತಿತು. ಸಾವಿರಾರು ಜನರ ಪರವಾಗಿ ಈ ಪ್ರಶ್ನೆಗೆ ಉತ್ತರ ಬರೆದ ಕೈ ಆರು ನಿಮಿಷ ಅಲುಗಲಿಲ್ಲ. ರುದ್ರವ್ವ ಬೆಂಚಿನ ಮೇಲೆ ಕೂತು ಮಂಡಿ ನೀವಿಕೊಳ್ಳುತ್ತಿದ್ದರು, ಅವಸರ ಮಾಡಲಿಲ್ಲ. ಕಲ್ಲಯ್ಯನವರಿಗೆ ಭಯವಾಯಿತು. ಏನು ಬೇಕು ಎಂಬುದು ಗೊತ್ತಿತ್ತು, ಅದನ್ನು ಕೊಡುವ ಅಧಿಕಾರ ಕೌನ್ಸಿಲ್‌ಗೆ ಇಲ್ಲ ಎಂಬುದೂ ಗೊತ್ತಿತ್ತು.

ಕೊನೆಗೆ ಇಂಗ್ಲಿಷಿನಲ್ಲಿ ಎರಡೇ ಸಾಲು ಬರೆದು ಸಹಿ ಹಾಕಿದರು. ಡೆನೀಸ್ ಓದಿ, ತಾರೀಖು ಹಾಕಿ, ರುದ್ರವ್ವನ ಹಾಳೆಯ ಜೊತೆಗೇ ಅದನ್ನೂ ಪಿನ್ನು ಮಾಡಿದರು.

ಹೊರಗೆ ಬಂದು ಬಸ್ಸಿಗೆ ಕಾಯುವಾಗ ರುದ್ರವ್ವ ಕೇಳಿದರು.

“ಏನ್ ಬರದ್ರಿ?”

“ಮನಿ ಬೇಕು ಅಂತ ಬರದೆ.”

“ಅಷ್ಟ?”

ಕಲ್ಲಯ್ಯನವರು ಬಸ್ಸು ಬರುವ ದಿಕ್ಕನ್ನು ನೋಡಿದರು.

“ರುದ್ರವ್ವನ ಮನಿಯಾಗ ಇರಬೇಕಂತೀನಿ, ಆಕಿ ಒಪ್ಪಿದ್ರ, ಅಂತ ಬರದೆ.”

ರುದ್ರವ್ವ ಸೆರಗು ಸರಿಮಾಡಿಕೊಂಡರು. ಬಸ್ಸು ತಿರುವಿನಲ್ಲಿ ಕಾಣಿಸಿತು. ಆಕೆ ಮುಂದೆ ಹೋಗಿ ಕೈ ಅಡ್ಡ ಹಿಡಿದು ಅದನ್ನು ನಿಲ್ಲಿಸಿ, ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ಹಿಂದೆ ತಿರುಗಿದರು.

“ನೋಡೂಣು,” ಅಂದರು.